ನೀರೊಳಗಿನ ಬೆಳಕು

ಸಹ್ಯಾದ್ರಿಯಲ್ಲಿ ಹುಟ್ಟಿದ ಕೃಷ್ಣಾ ನದಿಯು ಮಹಾರಾಷ್ಟ್ರವನ್ನು ದಾಟಿ ಕರ್ನಾಟಕಕ್ಕೆ ಬಂದಾಗ ಬೆಳಗಾವಿ ಜಿಲ್ಲೆಯ ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕುಗಳ ನೆಲವನ್ನು ಮೊದಲು ತೋಯಿಸುತ್ತದೆ. ನಿಪ್ಪಾಣಿಯ ಕಡೆಯಿಂದ ಹರಿದುಬರುವ ವೇದಗಂಗೆಯು ದೂಧಗಂಗೆಯನ್ನು ಕೂಡುತ್ತದೆ. ದೂಧಗಂಗೆಯು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಈ ಊರುಗಳ ಮಕ್ಕಳು ಒಂದೇ ನದಿಯನ್ನು ವರ್ಷದಲ್ಲಿ ಹಲವು ಬಣ್ಣಗಳಲ್ಲಿ ಕಾಣುತ್ತಾರೆ. ಆಷಾಢ ಶ್ರಾವಣಗಳಲ್ಲಿ ಹೊಳೆ ಕೆಸರುಬಣ್ಣವನ್ನು ತಾಳಿ ದಡ ಮೀರಿ ಹರಿಯುತ್ತದೆ. ಆಗ ನೀರಿಗಿಳಿದವನಿಗೆ ಮೊಣಕಾಲಿನವರೆಗೂ ತನ್ನ ಕಾಲು ಕಾಣಿಸದು. ಮಾಗಿಯ ಚಳಿ ಬಂದಾಗ ಅದೇ ನೀರು ತಿಳಿಯಾಗಿ, ತಳದ ಉಸುಕು ಕಾಣುವಂತಾಗುತ್ತದೆ. ಆ ತಿಳಿನೀರನ್ನು ಬೊಗಸೆಯಲ್ಲಿ ಎತ್ತಿಕೊಂಡರೆ ಅದಕ್ಕೆ ಬಣ್ಣವೇ ಇಲ್ಲ. ಆದರೆ ಕಾರವಾರದ ದಡದಿಂದ ದೂರ ಸಾಗಿ ಆಳವಾದ ಕಡಲನ್ನು ನೋಡಿದವರು ಅದು ಕಡುನೀಲಿ ಎನ್ನುತ್ತಾರೆ. ಬೊಗಸೆಯಲ್ಲಿ ಬಣ್ಣವಿಲ್ಲದ ನೀರಿಗೆ ಕಡಲಿನಲ್ಲಿ ನೀಲಿ ಬಣ್ಣ ಎಲ್ಲಿಂದ ಬಂದಿತು? ಮಕ್ಕಳು ಕೇಳಬಹುದಾದ ಈ ಪ್ರಶ್ನೆಯನ್ನು ಒಬ್ಬ ಭಾರತೀಯ ವಿಜ್ಞಾನಿ ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ಕೇಳಿದರು. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋಗಿ, ಜಗತ್ತು ಅದುವರೆಗೆ ಅರಿಯದಿದ್ದ ಒಂದು ಸತ್ಯವನ್ನು ಕಂಡರು. ಅವರೇ ಸರ್ ಚಂದ್ರಶೇಖರ ವೆಂಕಟರಾಮನ್.

ರಾಮನ್ನರು ಹುಟ್ಟಿದ್ದು 1888ನೆಯ ಇಸವಿ ನವೆಂಬರ್ 7ರಂದು, ಕಾವೇರಿಯ ದಡದಲ್ಲಿರುವ ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ತಂದೆ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರಾಗಿ ವಿಶಾಖಪಟ್ಟಣದ ಕಾಲೇಜಿಗೆ ಹೋದುದರಿಂದ ಬಾಲಕನ ವಿದ್ಯಾಭ್ಯಾಸವು ಕಡಲ ತೀರದ ಆ ಊರಿನಲ್ಲಿ ನಡೆಯಿತು. ಮನೆಯಲ್ಲಿ ಪುಸ್ತಕಗಳಿದ್ದವು, ವೀಣೆಯ ನಾದವಿತ್ತು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ರಾಮನ್ನರು 1904ರಲ್ಲಿ ಬಿ. ಎ. ಪದವಿಯನ್ನೂ 1907ರಲ್ಲಿ ಎಂ. ಎ. ಪದವಿಯನ್ನೂ ಉನ್ನತ ಶ್ರೇಣಿಯಲ್ಲಿ ಪಡೆದರು. ಹದಿನೆಂಟು ತುಂಬುವ ಹೊತ್ತಿಗೆ, 1906ರ ನವೆಂಬರಿನಲ್ಲಿ, ಬೆಳಕಿನ ಬಾಗುವಿಕೆಯನ್ನು ಕುರಿತ ಅವರ ಮೊದಲ ಲೇಖನವು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಗಿತ್ತು. ಆದರೆ ಅಂದಿನ ಭಾರತದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವ ದಾರಿ ಇರಲಿಲ್ಲ. ಹೆಚ್ಚಿನ ಓದಿಗಾಗಿ ಇಂಗ್ಲೆಂಡಿಗೆ ಹೋಗೋಣವೆಂದರೆ, ಅಲ್ಲಿನ ಚಳಿಯನ್ನು ಈ ಬಡಕಲು ದೇಹ ತಡೆಯಲಾರದೆಂದು ವೈದ್ಯರು ಹೇಳಿದರು. ರಾಮನ್ನರು ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, 1907ರಲ್ಲಿ ಕಲ್ಕತ್ತೆಯಲ್ಲಿ ಲೆಕ್ಕಪತ್ರಗಳ ಅಧಿಕಾರಿಯಾದರು. ಅದೇ ವರ್ಷ ಲೋಕಸುಂದರಿಯವರನ್ನು ಮದುವೆಯಾದರು.

ಕೈತುಂಬ ಸಂಬಳ ಬರುವ ಉದ್ಯೋಗ ದೊರೆತ ಮೇಲೆ ವಿಜ್ಞಾನವನ್ನು ಮರೆತುಬಿಡುವುದು ಬಹಳ ಸುಲಭವಾಗಿತ್ತು. ರಾಮನ್ನರು ಮರೆಯಲಿಲ್ಲ. ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಡಾಕ್ಟರ್ ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಪ್ರಸಾರ ಸಂಘವು ಅವರ ಕಣ್ಣಿಗೆ ಬಿದ್ದಿತು. ಅಲ್ಲಿ ಪ್ರಯೋಗಶಾಲೆಯಿತ್ತು, ಪ್ರಯೋಗ ಮಾಡುವವರಿರಲಿಲ್ಲ. ಅಂದಿನಿಂದ ಬೆಳಗಿನ ಹೊತ್ತು ಪ್ರಯೋಗಶಾಲೆ, ಹಗಲು ಕಛೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಶಾಲೆ ಎಂಬ ದಿನಚರಿ ಆರಂಭವಾಯಿತು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ ಹೋಗಿಬಂದ ಅಲ್ಪ ಕಾಲವನ್ನು ಬಿಟ್ಟರೆ ಹತ್ತು ವರ್ಷ ಹೀಗೆಯೇ ನಡೆಯಿತು. 1917ರಲ್ಲಿ ಸರ್ ಆಶುತೋಷ ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಬರುವಂತೆ ಕರೆದರು. ಸರ್ಕಾರಿ ಹುದ್ದೆಗೆ ಹೋಲಿಸಿದರೆ ಅಲ್ಲಿನ ವೇತನ ಬಹಳ ಕಡಿಮೆ. ಆದರೂ ರಾಮನ್ನರು ಹುದ್ದೆಯನ್ನು ಬಿಟ್ಟು ಪೀಠವನ್ನೇ ಆರಿಸಿಕೊಂಡರು.

1921ರಲ್ಲಿ ರಾಮನ್ನರು ಮೊದಲ ಬಾರಿಗೆ ವಿದೇಶಕ್ಕೆ ಹೊರಟರು. ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮ್ಮೇಳನದಲ್ಲಿ ಕಲ್ಕತ್ತೆಯ ಪ್ರತಿನಿಧಿಯಾಗಿ ಪಾಲುಗೊಂಡು, ಸೆಪ್ಟೆಂಬರಿನಲ್ಲಿ ನಾರ್ಕುಂಡ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಮರಳುತ್ತಿದ್ದರು. ಹಡಗು ಮೆಡಿಟರೇನಿಯನ್ ಸಮುದ್ರವನ್ನು ಹಾಯ್ದು ಬರುವಾಗ ಆ ಕಡಲಿನ ಗಾಢವಾದ ನೀಲಿಯು ಅವರ ಮನಸ್ಸನ್ನು ಸೆರೆಹಿಡಿಯಿತು. ಕಡಲಿನ ನೀಲಿಗೆ ಅಂದು ಒಂದು ಸಿದ್ಧ ಉತ್ತರವಿತ್ತು. ಆಕಾಶದ ನೀಲಿಗೆ ಕಾರಣವನ್ನು ತೋರಿಸಿಕೊಟ್ಟಿದ್ದ ಇಂಗ್ಲೆಂಡಿನ ಮಹಾವಿಜ್ಞಾನಿ ಲಾರ್ಡ್ ರ‍್ಯಾಲೆಯವರು, ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವೇ ಹೊರತು ಬೇರೆಯಲ್ಲ ಎಂದು ಹೇಳಿದ್ದರು. ಅಷ್ಟು ದೊಡ್ಡವರ ಮಾತನ್ನು ಪ್ರಶ್ನಿಸುವ ಅಗತ್ಯವು ಹೆಚ್ಚಿನವರಿಗೆ ತೋರಿರಲಿಲ್ಲ.

ರಾಮನ್ನರು ವಾದಕ್ಕೆ ಇಳಿಯಲಿಲ್ಲ, ಪರೀಕ್ಷೆಗೆ ಇಳಿದರು. ಅವರ ಬಳಿ ನಿಕಾಲ್ ಪಟ್ಟಕವೆಂಬ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣವಿತ್ತು. ಬೆಳಕು ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿದಾಗ ಅದರ ಕಂಪನಗಳು ಒಂದೇ ದಿಕ್ಕಿಗೆ ಸೀಮಿತವಾಗುತ್ತವೆ. ಇದನ್ನು ಧ್ರುವೀಕರಣವೆಂದು ಕರೆಯುತ್ತಾರೆ. ನಿಕಾಲ್ ಪಟ್ಟಕವನ್ನು ತಕ್ಕಂತೆ ತಿರುಗಿಸಿ ಹಿಡಿದರೆ ಅಂತಹ ಬೆಳಕು ಕಣ್ಣಿಗೆ ತಲುಪದೆ ತಡೆಯಲ್ಪಡುತ್ತದೆ. ಹಡಗಿನ ಅಟ್ಟದ ಮೇಲೆ ನಿಂತು ರಾಮನ್ನರು ಹೀಗೆ ಆಕಾಶದ ಪ್ರತಿಬಿಂಬವನ್ನು ಅಳಿಸಿ ಕಡಲನ್ನು ನೋಡಿದರು. ನೀಲಿಯು ಪ್ರತಿಬಿಂಬವೇ ಆಗಿದ್ದರೆ ಅದು ಮಾಯವಾಗಬೇಕಿತ್ತು. ಆದರೆ ಅದು ಮಾಯವಾಗಲಿಲ್ಲ. ಮೇಲ್ಮೈಯ ಹೊಳಪು ಹೋದ ಮೇಲೆ ಕಡಲಿನೊಳಗಿನಿಂದ ಬರುವ ನೀಲಿ ಮತ್ತಷ್ಟು ಚೆಲುವಾಗಿ ತೋರಿತು. ಆ ಬಣ್ಣವು ನೀರಿನದೇ ಎಂಬುದು ಸ್ಪಷ್ಟವಾಯಿತು. ಹಡಗು ಮುಂಬಯಿ ಬಂದರನ್ನು ಮುಟ್ಟುವಷ್ಟರಲ್ಲಿ ಲೇಖನ ಸಿದ್ಧವಾಗಿತ್ತು. ಸೆಪ್ಟೆಂಬರ್ 26ರ ದಿನಾಂಕವನ್ನು ಹೊತ್ತ ಆ ಬರಹವು ನವೆಂಬರಿನಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು.

ಹಾಗಾದರೆ ನೀರಿನೊಳಗೆ ಬೆಳಕಿಗೆ ಆಗುವುದೇನು? ಸೂರ್ಯನ ಬಿಳಿಯ ಬೆಳಕು ಏಳು ಬಣ್ಣಗಳ ಸಮೂಹ. ಅದು ನೀರನ್ನು ಹೊಕ್ಕಾಗ ಕೆಂಪು ಬೆಳಕನ್ನು ನೀರು ಕೆಲವೇ ಮೀಟರುಗಳಲ್ಲಿ ಬಹುಪಾಲು ಹೀರಿಕೊಳ್ಳುತ್ತದೆ. ನೀಲಿ ಬೆಳಕು ಬಹಳ ಆಳದವರೆಗೆ ಇಳಿಯುತ್ತದೆ. ಇಳಿಯುವಾಗ ನೀರಿನ ಅಣುಗಳು ಅದನ್ನು ಎಲ್ಲ ದಿಕ್ಕುಗಳಿಗೂ ಚದುರಿಸುತ್ತವೆ. ಹೀಗೆ ಚದುರಿ ಮೇಲಕ್ಕೆ ಮರಳುವ ನೀಲಿಯೇ ಕಡಲಿನ ಬಣ್ಣ. ಬೊಗಸೆ ನೀರಿನಲ್ಲಿ ಈ ಕ್ರಿಯೆ ಎಷ್ಟು ಅಲ್ಪವೆಂದರೆ ಅದು ನಮ್ಮ ಕಣ್ಣಿಗೆ ತೋರುವುದಿಲ್ಲ. ಕೆಸರುನೀರಿನ ಕತೆಯೇ ಬೇರೆ. ಅಲ್ಲಿ ಬೆಳಕನ್ನು ಚದುರಿಸುವುದು ಅಣುಗಳಿಗಿಂತ ಬಹಳ ದೊಡ್ಡದಾದ ಮಣ್ಣಿನ ಕಣಗಳು. ಅಲ್ಲಿ ಕಾಣುವುದು ಮಣ್ಣಿನ ಬಣ್ಣ, ನೀರಿನದಲ್ಲ. ಆದುದರಿಂದ ನೀರಿನ ಅಣುಗಳ ಕೆಲಸವನ್ನು ಕಾಣಬೇಕಾದರೆ ಮೊದಲು ನೀರನ್ನು ಎಲ್ಲ ಧೂಳಿನಿಂದಲೂ ಕಲ್ಮಷದಿಂದಲೂ ಮುಕ್ತಗೊಳಿಸಬೇಕು. ಕಲ್ಕತ್ತೆಗೆ ಹಿಂತಿರುಗಿದ ರಾಮನ್ನರೂ ಅವರ ಶಿಷ್ಯರೂ ಈ ಕೆಲಸದಲ್ಲಿ ತೊಡಗಿದರು. ದ್ರವಗಳನ್ನು ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧಗೊಳಿಸಿದರು.

ಈ ಸಂಶೋಧನೆಯಲ್ಲಿ ಅವರು ಬಳಸಿದ ಮುಖ್ಯ ಸಾಧನವು ಅತ್ಯಂತ ಸರಳವಾದುದು. ಹಿಟ್ಟನ್ನು ಜರಡಿ ಹಿಡಿದಾಗ ಸಣ್ಣದು ಕೆಳಗಿಳಿದು ತರಿ ಮೇಲುಳಿಯುವಂತೆ, ಕೆಲವು ಬಣ್ಣದ ಗಾಜುಗಳು ಒಂದು ಬಣ್ಣದ ಬೆಳಕನ್ನು ತಮ್ಮ ಮೂಲಕ ಹಾಯಗೊಟ್ಟು ಉಳಿದುದನ್ನು ತಡೆಯುತ್ತವೆ. ಇವುಗಳಿಗೆ ಬೆಳಕುಶೋಧಕಗಳೆಂದು ಹೆಸರು. ನೇರಳೆ ಬೆಳಕನ್ನು ಮಾತ್ರ ಬಿಡುವ ಒಂದು ಶೋಧಕವನ್ನೂ, ನೇರಳೆಯನ್ನು ಪೂರ್ತಿಯಾಗಿ ತಡೆದು ಹಸಿರನ್ನು ಬಿಡುವ ಇನ್ನೊಂದು ಶೋಧಕವನ್ನೂ ತೆಗೆದುಕೊಳ್ಳೋಣ. ಎರಡನ್ನೂ ಒಂದರ ಹಿಂದೊಂದು ಇಟ್ಟರೆ ಏನೂ ಕಾಣಿಸದು. ಮೊದಲನೆಯದು ಬಿಟ್ಟುದನ್ನು ಎರಡನೆಯದು ತಡೆಯುತ್ತದೆ. ಈಗ ಮೊದಲನೆಯ ಶೋಧಕದ ಮೂಲಕ ಬಂದ ನೇರಳೆ ಬೆಳಕನ್ನು ಶುದ್ಧವಾದ ದ್ರವದೊಳಕ್ಕೆ ಹಾಯಿಸಿ, ಅದರಿಂದ ಪಕ್ಕಕ್ಕೆ ಚದುರಿದ ಬೆಳಕನ್ನು ಎರಡನೆಯ ಶೋಧಕದ ಮೂಲಕ ನೋಡೋಣ. ದ್ರವವು ಬೆಳಕನ್ನು ಬರಿದೆ ಚದುರಿಸಿದ್ದರೆ ಚದುರಿದುದೂ ನೇರಳೆಯೇ ಆಗಿರಬೇಕು. ಕಣ್ಣಿಗೆ ಕತ್ತಲೆಯೇ ಕಾಣಬೇಕು. ಕತ್ತಲೆಯ ಬದಲು ಬೆಳಕಿನ ಸುಳಿವು ಕಂಡರೆ, ಆ ಬೆಳಕು ದ್ರವದೊಳಗೆ ತನ್ನ ಬಣ್ಣವನ್ನು ಬದಲಾಯಿಸಿಕೊಂಡಿದೆ ಎಂದೇ ಅರ್ಥ.

1923ರಲ್ಲಿ ರಾಮನ್ನರ ಶಿಷ್ಯರಾದ ಕೆ. ಆರ್. ರಾಮನಾಥನ್ ಅವರು ಸೂರ್ಯನ ಬೆಳಕನ್ನು ಬಳಸಿ ಈ ಬಗೆಯ ಪರೀಕ್ಷೆಯನ್ನು ನಡೆಸಿದರು. ಕತ್ತಲೆಯಿರಬೇಕಾದಲ್ಲಿ ಅತಿ ಕ್ಷೀಣವಾದ ಒಂದು ಬೆಳಕು ತೋರಿತು. ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿ ಬೇರೆ ಬಣ್ಣದ ಬೆಳಕನ್ನು ಹೊರಸೂಸುವುದು ಆಗಲೇ ತಿಳಿದಿದ್ದ ಸಂಗತಿ. ಅದಕ್ಕೆ ಪ್ರತಿದೀಪ್ತಿ ಎಂದು ಹೆಸರು. ದ್ರವದಲ್ಲಿ ಉಳಿದ ಯಾವುದೋ ಕಲ್ಮಷದ ಪ್ರತಿದೀಪ್ತಿ ಇದಾಗಿರಬಹುದೆಂದು ಮೊದಲಿಗೆ ಎಣಿಸಿದರು. ದ್ರವವನ್ನು ಇನ್ನೂ ಶುದ್ಧಗೊಳಿಸಿದರು. ಬೆಳಕು ಹೋಗಲಿಲ್ಲ. ಮತ್ತೆ ಶುದ್ಧಗೊಳಿಸಿದರು. ಆಗಲೂ ಅದು ಹೋಗಲಿಲ್ಲ. ಕಲ್ಮಷವೇ ಕಾರಣವಾಗಿದ್ದರೆ ಪ್ರತಿ ಸಲವೂ ಅದು ಕುಗ್ಗಬೇಕಿತ್ತು. ಇಂತಹ ಹೊತ್ತಿನಲ್ಲಿ, ಇದೊಂದು ಸಣ್ಣ ಲೋಪವೆಂದು ಬದಿಗೆ ಸರಿಸಿ ಮುಂದೆ ಹೋಗುವುದು ಮನುಷ್ಯ ಸಹಜ. ರಾಮನ್ನರು ಅದನ್ನು ಬದಿಗೆ ಸರಿಸಲಿಲ್ಲ. 1925ರಲ್ಲಿ ಕೆ. ಎಸ್. ಕೃಷ್ಣನ್ ಅವರು ಬೇರೆ ದ್ರವಗಳಲ್ಲಿಯೂ ಅದೇ ಮಂದವಾದ ಬೆಳಕನ್ನು ಕಂಡರು. 1927ರ ಕೊನೆಯಲ್ಲಿ ಎಸ್. ವೆಂಕಟೇಶ್ವರನ್ ಅವರು ಶುದ್ಧವಾದ ಗ್ಲಿಸರಿನ್ ದ್ರವದಲ್ಲಿ ಚದುರಿದ ಸೂರ್ಯನ ಬೆಳಕು ನೀಲಿಯಾಗಿರದೆ ಹಸಿರಾಗಿ ತೋರುವುದನ್ನು ಗಮನಿಸಿದರು. ಆ ಹಸಿರು ಬೆಳಕು ಧ್ರುವೀಕರಣವನ್ನೂ ತೋರಿತು. ಸಾಮಾನ್ಯವಾದ ಪ್ರತಿದೀಪ್ತಿಯಲ್ಲಿ ಅಂತಹ ಲಕ್ಷಣ ಕಾಣುವುದಿಲ್ಲ. ಇದು ಹೊಸದೊಂದು ಸಂಗತಿ ಎಂಬ ನಂಬಿಕೆ ಬಲವಾಯಿತು.

1928ರ ಆರಂಭದಲ್ಲಿ ರಾಮನ್ನರೂ ಕೃಷ್ಣನ್ನರೂ ಹಗಲಿರುಳೆನ್ನದೆ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರು. ಬೆಳಕು ಕ್ಷೀಣವಾಗಿದ್ದುದರಿಂದ ದೊಡ್ಡ ದೂರದರ್ಶಕವೊಂದರ ಮಸೂರದಿಂದ ಸೂರ್ಯನ ಕಿರಣಗಳನ್ನು ಒಟ್ಟುಗೂಡಿಸಿದರು. ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲಿಯೂ ಅದೇ ಫಲ ದೊರೆಯಿತು. ಫೆಬ್ರವರಿ 28ರಂದು ಚದುರಿದ ಬೆಳಕನ್ನು ರೋಹಿತದರ್ಶಕದ ಮೂಲಕ ನೋಡಿದಾಗ, ಮೂಲ ಬೆಳಕಿನಿಂದ ಒಂದು ಕತ್ತಲೆಯ ಅಂತರದಾಚೆಗೆ ಹೊಸ ಬೆಳಕು ಬೇರೆಯಾಗಿ ನಿಂತಿರುವುದು ಕಂಡಿತು. ಪಾದರಸದ ದೀಪವನ್ನು ಬಳಸಿದಾಗ ಈ ವಿಷಯ ಇನ್ನೂ ಸ್ಪಷ್ಟವಾಯಿತು. ಆ ದೀಪದ ಬೆಳಕು ಎಳೆ ಎಳೆಯಾದ ಕೆಲವೇ ಗೆರೆಗಳಿಂದ ಕೂಡಿರುತ್ತದೆ. ಶೋಧಕದಿಂದ ನೀಲಿ ನೇರಳೆಯ ಗೆರೆಗಳನ್ನು ಮಾತ್ರ ಆರಿಸಿ ದ್ರವಕ್ಕೆ ಹಾಯಿಸಿದರೆ, ಹೊರಬಂದ ಬೆಳಕಿನಲ್ಲಿ ದೀಪದಲ್ಲಿಲ್ಲದ ಹೊಸ ಗೆರೆಗಳಿದ್ದವು. ಏಳು ವರ್ಷಗಳ ಹಿಂದೆ ಹಡಗಿನ ಮೇಲೆ ಹುಟ್ಟಿದ ಪ್ರಶ್ನೆಯು ಇಲ್ಲಿಗೆ ಬಂದು ಮುಟ್ಟಿತ್ತು.

ಈ ಹೊಸ ಗೆರೆಗಳ ಅರ್ಥವೇನು? ಬೆಳಕು ಶಕ್ತಿಯ ಸಣ್ಣ ಸಣ್ಣ ಕಣಗಳಾಗಿ ಸಾಗುತ್ತದೆ. ಅಂತಹ ಒಂದು ಕಣವು ಅಣುವನ್ನು ತಾಕಿದಾಗ ಸಾಮಾನ್ಯವಾಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳದೆ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಎಲ್ಲೋ ಒಮ್ಮೊಮ್ಮೆ ಅದು ತನ್ನ ಶಕ್ತಿಯಲ್ಲಿ ಒಂದಂಶವನ್ನು ಅಣುವಿಗೆ ಕೊಟ್ಟು ಅದನ್ನು ಕಂಪಿಸುವಂತೆ ಮಾಡುತ್ತದೆ. ಶಕ್ತಿ ಕುಗ್ಗಿದ ಬೆಳಕಿನ ಅಲೆಯುದ್ದ ಹೆಚ್ಚುತ್ತದೆ. ಎಂದರೆ ಬಣ್ಣ ಬದಲಾಗುತ್ತದೆ. ಅಣುವಿನ ರಚನೆ ಹೇಗೋ ಹಾಗೆ ಬಣ್ಣದ ಬದಲಾವಣೆ. ಆದುದರಿಂದ ಹೊಸ ಗೆರೆಗಳನ್ನು ನೋಡಿ, ಅವು ಯಾವ ಅಣುವಿನಿಂದ ಬಂದವೆಂದು ಹೇಳಬಹುದು. ಇದೇ ರಾಮನ್ ಪರಿಣಾಮ. ಅದೇ ವರ್ಷ ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆ ಸೇರಿತು. ಅಲ್ಲಿ ರಾಮನ್ನರು ತಮ್ಮ ಶೋಧನೆಯನ್ನು ವಿದ್ವಾಂಸರ ಮುಂದೆ ವಿವರವಾಗಿ ಮಂಡಿಸಿದರು. ಅದೇ ದಿನಗಳಲ್ಲಿ ಮಾಸ್ಕೋ ನಗರದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ವಿಜ್ಞಾನಿಗಳು ಹರಳುಗಳಲ್ಲಿ ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡಿದ್ದರು; ಆದರೆ ರಾಮನ್ನರ ಪ್ರಕಟಣೆ ಮೊದಲು ಹೊರಬಂದಿತು. 1930ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನವು ರಾಮನ್ನರಿಗೆ ಸಂದಿತು. ವಿಜ್ಞಾನಕ್ಕಾಗಿ ಆ ಗೌರವವನ್ನು ಪಡೆದ ಮೊದಲ ಏಷ್ಯಾವಾಸಿ ಅವರೇ.

1933ರಲ್ಲಿ ರಾಮನ್ನರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದಕ್ಕೆ ಮೈಸೂರಿನ ಮಹಾರಾಜರು ಭೂಮಿಯನ್ನು ಅನುಗ್ರಹಿಸಿದರು. ನೇರವಾದ ಮಾತು, ತೀಕ್ಷ್ಣವಾದ ಸ್ವಭಾವ ರಾಮನ್ನರದು. ಆಡಳಿತದಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಪದವಿ ಹೋದರೂ ಪ್ರಯೋಗಶಾಲೆ ಉಳಿಯಿತು. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ದುಡಿದರು. ಈ ಅವಧಿಯಲ್ಲಿ ನಾಗೇಂದ್ರನಾಥರೊಡನೆ ಸೇರಿ, ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳು ದ್ರವದಲ್ಲಿ ಹಾಯುವಾಗ ಅವು ಬೆಳಕನ್ನು ಹೇಗೆ ಬೇರೆ ಬೇರೆ ದಿಕ್ಕುಗಳಿಗೆ ಒಡೆಯುತ್ತವೆಂಬುದನ್ನು 1935 ಮತ್ತು 1936ರಲ್ಲಿ ವಿವರಿಸಿದರು. ಶಬ್ದದಿಂದ ಬೆಳಕನ್ನು ನಿಯಂತ್ರಿಸುವ ಉಪಕರಣಗಳಿಗೂ, ಬೇಕಾದ ಬಣ್ಣವನ್ನು ಮಾತ್ರ ಆರಿಸುವ ಒಂದು ಬಗೆಯ ಶೋಧಕಕ್ಕೂ ಇಂದು ಈ ವಿದ್ಯೆಯೇ ತಳಹದಿ. ಗಾಜಿನ ಪುಡಿಯನ್ನು ತಕ್ಕ ದ್ರವದಲ್ಲಿ ನೆನೆಸಿದಾಗ ಒಂದೇ ಬಣ್ಣದ ಬೆಳಕು ಅದರ ಮೂಲಕ ನೇರವಾಗಿ ಹಾಯುತ್ತದೆ. ಉಳಿದ ಬಣ್ಣಗಳು ಚದುರಿಹೋಗುತ್ತವೆ. ಕ್ರಿಸ್ಟಿಯಾನ್ಸನ್ ಪ್ರಯೋಗವೆಂದು ಹೆಸರಾದ ಈ ವಿಚಿತ್ರವನ್ನು ಕುರಿತೂ ರಾಮನ್ನರು 1949ರಲ್ಲಿ ಬರೆದರು.

ನಿವೃತ್ತಿಯ ಬಳಿಕ ರಾಮನ್ನರು ಅಕಾಡೆಮಿಯ ಭೂಮಿಯಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ಕಟ್ಟಿಕೊಂಡರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ಪ್ರಶಸ್ತಿ ಬಂದಾಗಲೂ ಅವರ ಜೀವನಕ್ರಮ ಬದಲಾಗಲಿಲ್ಲ. ಹರಳುಗಳು, ವಜ್ರಗಳು, ಹೂವಿನ ಬಣ್ಣಗಳು, ಮನುಷ್ಯನ ಕಣ್ಣು ಬಣ್ಣವನ್ನು ಗುರುತಿಸುವ ಬಗೆ ಇವೆಲ್ಲ ಇಳಿವಯಸ್ಸಿನ ಅವರ ಅಧ್ಯಯನಕ್ಕೆ ವಸ್ತುಗಳಾದವು. ಮರಗಳನ್ನೂ ಗುಲಾಬಿಗಳನ್ನೂ ಅಕ್ಕರೆಯಿಂದ ಬೆಳೆಸಿದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಅಂತ್ಯಸಂಸ್ಕಾರವು ಸಂಸ್ಥೆಯ ಆವರಣದಲ್ಲಿಯೇ ನಡೆಯಿತು. ಅವರ ಶೋಧನೆಯ ನೆನಪಿಗಾಗಿ ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವನ್ನಾಗಿ ಆಚರಿಸಲಾಗುತ್ತಿದೆ.

ರಾಮನ್ನರ ಬಾಳು ಮುಗಿದರೂ ಅವರ ಪ್ರಶ್ನೆ ಮುಗಿಯಲಿಲ್ಲ. ಅವರು ಬದುಕಿದ್ದಾಗಲೇ, 1960ರಲ್ಲಿ, ಲೇಸರ್ ಎಂಬ ಹೊಸ ಬೆಳಕು ಹುಟ್ಟಿಕೊಂಡಿತ್ತು. ಅದು ಒಂದೇ ಬಣ್ಣದ, ಹರಡದೆ ನೇರವಾಗಿ ಸಾಗುವ ಪ್ರಬಲವಾದ ಬೆಳಕು. ಅದರಿಂದ ಕಡಲಿನೊಳಕ್ಕೆ ಸಂದೇಶವನ್ನು ಕಳುಹಿಸಬಹುದೇ ಎಂದು ವಿಜ್ಞಾನಿಗಳು ಯೋಚಿಸಿದರು. ಇದಕ್ಕೆ ಕಾರಣವಿತ್ತು. ನೆಲದ ಮೇಲೆ ನಮಗೆ ವಾರ್ತೆಯನ್ನು ತರುವ ರೇಡಿಯೋ ಅಲೆಗಳನ್ನು ಉಪ್ಪುನೀರು ಬಲುಬೇಗ ನುಂಗಿಬಿಡುತ್ತದೆ. ಕಡಲಾಳದಲ್ಲಿರುವ ಜಲಾಂತರ್ಗಾಮಿಗೆ ಮೇಲಿನವರ ಮಾತು ತಲುಪುವುದು ಕಷ್ಟ. ಆದರೆ ರಾಮನ್ನರ ಮನಸ್ಸನ್ನು ಸೆಳೆದ ಆ ನೀಲಿ, ಮತ್ತು ಅದರ ನೆರೆಯ ಹಸಿರು, ನೀರಿನಲ್ಲಿ ಆಳಕ್ಕೆ ಇಳಿಯಬಲ್ಲವು. ಆದುದರಿಂದ ಸಂದೇಶವನ್ನು ಹೊರುವ ಲೇಸರ್ ಬೆಳಕು ನೀಲಿ ಹಸಿರಿನದೇ ಆಗಿರಬೇಕು.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಸೂರ್ಯನ ಬೆಳಕಿನಲ್ಲಿಯೂ ಅದೇ ನೀಲಿಯಿದೆ. ಹಗಲಿನಲ್ಲಿ ಅದರ ಹೊನಲಿನಲ್ಲಿ ಲೇಸರಿನ ಕ್ಷೀಣವಾದ ಮಿಣುಕು ಮುಳುಗಿಹೋಗುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬನ ಪಿಸುಮಾತನ್ನು ಆಲಿಸುವ ಕಷ್ಟವಿದು. ಸಂದೇಶದ ಬಣ್ಣವನ್ನು ಮಾತ್ರ ಒಳಗೆ ಬಿಟ್ಟು ಉಳಿದುದನ್ನೆಲ್ಲ ತಡೆಯುವ ಅತಿ ಸೂಕ್ಷ್ಮವಾದ ಶೋಧಕ ಬೇಕು. ಬಣ್ಣದ ಗಾಜಿಗೆ ಅಷ್ಟು ಸೂಕ್ಷ್ಮತೆಯಿಲ್ಲ. ಗಾಜಿನ ಮೇಲೆ ತೆಳುವಾದ ಹಲವು ಲೇಪಗಳನ್ನು ಬಳಿದು ಮಾಡಿದ ಶೋಧಕಗಳು ಸೂಕ್ಷ್ಮವಾದರೂ, ಬೆಳಕು ಓರೆಯಾಗಿ ಬಿದ್ದರೆ ಅವು ಬಿಡುವ ಬಣ್ಣವೇ ಬದಲಾಗುತ್ತದೆ. ನೀರಿನೊಳಗೆ ಬೆಳಕು ಚದುರಿ ಎಲ್ಲ ದಿಕ್ಕುಗಳಿಂದಲೂ ಬರುವುದರಿಂದ ಅವು ಅಲ್ಲಿ ಪೂರ್ತಿಯಾಗಿ ಒದಗಲಾರವು. 1980ರ ದಶಕದಲ್ಲಿ ಅಮೆರಿಕದ ನೌಕಾಪಡೆಗಾಗಿ ನಡೆದ ಸಂಶೋಧನೆಯಲ್ಲಿ ಇದಕ್ಕೊಂದು ಉಪಾಯವನ್ನು ರೂಪಿಸಿದರು. ಸೀಸಿಯಂ ಎಂಬ ಲೋಹದ ಆವಿಯನ್ನು ಎರಡು ಶೋಧಕಗಳ ನಡುವೆ ತುಂಬಿದರು. ಮುಂದಿನ ಶೋಧಕವು ನೀಲಿಯನ್ನು ಬಿಟ್ಟು ಅವಕೆಂಪನ್ನು ತಡೆಯುತ್ತದೆ. ಹಿಂದಿನದು ಅವಕೆಂಪನ್ನು ಬಿಟ್ಟು ನೀಲಿಯನ್ನು ತಡೆಯುತ್ತದೆ. ಸೀಸಿಯಂ ಪರಮಾಣುಗಳು ಒಂದು ನಿಶ್ಚಿತವಾದ ನೀಲಿಯನ್ನು ಮಾತ್ರ ಹೀರಿ, ಅವಕೆಂಪು ಬೆಳಕನ್ನು ಹೊರಸೂಸುತ್ತವೆ. ಆದುದರಿಂದ ಎರಡು ಶೋಧಕಗಳನ್ನೂ ದಾಟಿ ಬರುವುದು ನಡುವೆ ತನ್ನ ಬಣ್ಣವನ್ನು ಬದಲಿಸಿಕೊಂಡ ಬೆಳಕು ಮಾತ್ರ. ಬೆಳಕು ಯಾವ ದಿಕ್ಕಿನಿಂದ ಬಂದರೂ ಪರಮಾಣುಗಳಿಗೆ ಭೇದವಿಲ್ಲ.

ಈ ಏರ್ಪಾಟನ್ನು ಓದುವಾಗ ಬೌಬಜಾರಿನ ಪ್ರಯೋಗಶಾಲೆಯ ನೆನಪಾಗದೆ ಇರದು. ಅಲ್ಲಿಯೂ ಒಂದು ಬಿಟ್ಟುದನ್ನು ಇನ್ನೊಂದು ತಡೆಯುವ ಎರಡು ಶೋಧಕಗಳಿದ್ದವು; ಬಣ್ಣ ಬದಲಿಸಿದ ಬೆಳಕಿಗಾಗಿಯೇ ಅಲ್ಲಿಯೂ ಕಾದರು. ಸೀಸಿಯಂ ಆವಿಯಲ್ಲಿ ನಡೆಯುವುದು ರಾಮನ್ ಪರಿಣಾಮವಲ್ಲ. ಅದು ಪ್ರತಿದೀಪ್ತಿಯ ಬಗೆಯದು. ಆದರೆ ಅದೇ ಯೋಜನೆಯಲ್ಲಿ ರಾಮನ್ ಪರಿಣಾಮಕ್ಕೂ ಸ್ಥಾನವಿತ್ತು. 308 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಲೇಸರ್ ಬೆಳಕನ್ನು ಸೀಸದ ಆವಿಯಲ್ಲಿ ಹಾಯಿಸಿ, ರಾಮನ್ ಪರಿಣಾಮದಿಂದ ಅದನ್ನು ಸುಮಾರು 459 ನ್ಯಾನೋಮೀಟರಿನ ನೀಲಿಯಾಗಿ ಮಾರ್ಪಡಿಸಿದರು. ಸೀಸಿಯಂ ಹೀರಬಲ್ಲ ನೀಲಿ ಅದೇ. ಇನ್ನೊಂದು ಕಡೆ, ಕಡಲಿನ ನೀರು ತಾನೇ ರಾಮನ್ ಪರಿಣಾಮದಿಂದ ನೀಲಿಯ ಅಲ್ಪಾಂಶವನ್ನು ಹಸಿರಾಗಿ ಮಾರ್ಪಡಿಸುತ್ತದೆ. ಹಸಿರು ಬಣ್ಣದಲ್ಲಿ ಸಂದೇಶವನ್ನು ಕಳುಹಿಸುವವರಿಗೆ ಅದೊಂದು ಅಡ್ಡಿ. ಕಡಲಾಳದ ಬೆಳಕನ್ನು ಅಳೆಯುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇಷ್ಟೆಲ್ಲ ಸಾಧಿಸಿದ ಮೇಲೂ ನೀರು ತನ್ನ ನಿಯಮವನ್ನು ಸಡಿಲಿಸಿಲ್ಲ. ತಿಳಿಯಾದ ಕಡಲಿನಲ್ಲಿ ಹತ್ತಾರು ಮೀಟರುಗಳಾಚೆಗೆ ಸಂದೇಶವನ್ನು ಒಯ್ಯುವ ನೀಲಿಯ ಲೇಸರ್, ಶ್ರಾವಣದ ಕೃಷ್ಣೆಯ ಕೆಸರಿನಲ್ಲಿ ಕೆಲವೇ ಅಡಿಗಳಲ್ಲಿ ನಂದಿಹೋಗುತ್ತದೆ. ಅಲ್ಲಿ ಯಾವ ಶೋಧಕವೂ ನೆರವಾಗದು. ತಲುಪಿದ ಬೆಳಕನ್ನು ಶೋಧಕ ಆರಿಸಬಲ್ಲದೇ ಹೊರತು ತಲುಪದ ಬೆಳಕನ್ನು ತರಲಾರದು. ಮಾಗಿಯ ದಿನಗಳಲ್ಲಿ ಕುಡಚಿಯ ಬಳಿಯೋ ದೂಧಗಂಗೆಯ ದಡದಲ್ಲಿಯೋ ನಿಂತು ತಿಳಿನೀರಿನೊಳಗೆ ಬಿಸಿಲು ಇಳಿಯುವುದನ್ನು ನೋಡುವ ಹುಡುಗನಿಗೂ ಹುಡುಗಿಗೂ ಕಾಣುವುದು, ರಾಮನ್ನರು ಹಡಗಿನಿಂದ ಕಂಡ ಬೆಳಕೇ. ಅದು ನೀರಿನಲ್ಲಿ ಎಷ್ಟು ದೂರ ಹೋಯಿತು, ಯಾವ ಬಣ್ಣ ಮೊದಲು ಮಾಯವಾಯಿತು ಎಂದು ಅವರೂ ಕೇಳಬಹುದು. ಕತ್ತಲೆಯಿರಬೇಕಾದ ಕಡೆ ಕಂಡ ಮಂದವಾದ ಬೆಳಕನ್ನು ರಾಮನ್ನರೂ ಅವರ ಶಿಷ್ಯರೂ ತಪ್ಪೆಂದು ತಳ್ಳಿಹಾಕದೆ ಐದು ವರ್ಷ ಕಾದರು. ಪ್ರತಿ ಸಲವೂ ದ್ರವವನ್ನು ಇನ್ನಷ್ಟು ಶುದ್ಧಗೊಳಿಸಿ ಮತ್ತೆ ನೋಡಿದರು. ಅವರ ಕೀರ್ತಿಗೆ ಆ ತಾಳ್ಮೆಯೇ ಅಡಿಗಲ್ಲು.